ಟೈಲರ್ ಕೈಯ ವಾಚು

ಒಮ್ಮೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ, ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಟೈಲರನ ಕೈಗೆ ಹೃದಯ ಕಾಯುವ ವಾಚು ಬಂತು. ಬಡಿತ ಹದ ತಪ್ಪಿದರೆ ಮನೆಯಲ್ಲಿರುವ ಹೆಂಡತಿಯ ಫೋನು ಕೂಗಬೇಕು. "ಕೂಗಿದ್ರೆ ಕೈ ಅಲ್ಲಾಡಿಸದೆ ಕೂರಿಸಿ, ಇನ್ನೊಂದ್ಸಲ ನೋಡಿ. ಆಗ್ಲೂ ಹಾಗೇ ಇದ್ರೆ ತಕ್ಷಣ ಕರ್ಕೊಂಡು ಬನ್ನಿ," ಎಂದು ನರ್ಸಮ್ಮ ಇಬ್ಬರಿಗೂ ಬಿಡಿಸಿ ಹೇಳಿದ್ದರು.

ಮೊದಲ ಸಲ ಕೂಗಿದಾಗ ಆಕೆ ಒಲೆ ಆರಿಸುವುದನ್ನೂ ಮರೆತು, ಬರಿಗಾಲಲ್ಲಿ ಬೀದಿ ಕೊನೆಯ ಅಂಗಡಿಗೆ ಓಡಿದಳು. ಈ ಮಹಾಶಯ ಮಿಷನ್ ತುಳಿಯುತ್ತ ಆರಾಮವಾಗಿ ಪ್ಯಾಂಟು ಹೊಲಿಯುತ್ತಿದ್ದ. ದಪ್ಪ ಬಟ್ಟೆ ಒತ್ತಿ ಹಿಡಿದ ಮಣಿಕಟ್ಟು ಗಡಗಡ ಅಲುಗಿದರೆ ವಾಚು ಅದನ್ನೇ ಎದೆಬಡಿತ ಎಂದುಕೊಳ್ಳುತ್ತಿತ್ತು. "ಬಂದ್ಲು ನೋಡ್ರಪ್ಪ, ನಾನು ಇದೀನೋ ಇಲ್ವೋ ಅಂತ ನೋಡೋಕೆ," ಎಂದು ಬೆಂಚಿನ ಮೇಲಿದ್ದ ಗಿರಾಕಿಗಳನ್ನು ನಗಿಸಿದ. ಆಕೆ ನಾಚಿಕೆಯಿಂದ ಹಿಡಿಯಾದಳು.

ಹೀಗೇ ನಾಲ್ಕಾರು ಸಲ ಆಯಿತು. "ಅದು ಕೂಗಿದ್ರೆ ನಾನು ದುಡೀತಿದ್ದೀನಿ ಅಂತ ತಿಳ್ಕೊಳ್ಳೇ," ಎಂದುಬಿಟ್ಟ ಅವನು.

ಆ ಮಾತು ಆಕೆಯ ಮನಸ್ಸಿಗೆ ಹಿತವಾಗಿ ಕೂತಿತು. ಕಾಯಿಲೆ ಬಿದ್ದು ಮೂಲೆ ಹಿಡಿದಿದ್ದ ಗಂಡ ಮತ್ತೆ ದುಡಿಯುತ್ತಿದ್ದಾನೆ ಎನ್ನುವುದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಫೋನು ಕೂಗದ ದಿನವೇ ಆಕೆಗೆ ತಳಮಳ. ಕೂಗಿದರೆ 'ಸರಿ' ಎಂಬಲ್ಲಿ ಒತ್ತಿ, ನೆಮ್ಮದಿಯಿಂದ ತರಕಾರಿ ಹೆಚ್ಚುತ್ತಿದ್ದಳು. ಪ್ರಾಣ ಕಾಯಲು ಬಂದದ್ದನ್ನು ಗಂಡಹೆಂಡಿರು ಸೇರಿ ಹಾಜರಿ ಕೂಗುವ ಯಂತ್ರ ಮಾಡಿಕೊಂಡಿದ್ದರು.

ಆ ಮಂಗಳವಾರ ಬೆಳಗ್ಗೆ ಫೋನು ಕೂಗಿತು. ಒತ್ತಿದಳು. ಮತ್ತೆ ಕೂಗಿತು, ಮತ್ತೆ ಒತ್ತಿದಳು. ಇವತ್ತು ಕೈತುಂಬ ಕೆಲಸವಿರಬೇಕು, ಹಸಿದು ಬರುತ್ತಾರೆ ಎಂದುಕೊಂಡು ಪಾತ್ರೆಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದಳು.

ಅನ್ನ ಬೇಯುವ ಮೊದಲೇ ಅಂಗಡಿಯ ಪಕ್ಕದ ಇಸ್ತ್ರಿಯವನು ಏದುಸಿರು ಬಿಡುತ್ತ ಬಾಗಿಲಿಗೆ ಬಂದ. "ಅಕ್ಕಾ, ಬೇಗ ಬನ್ನಿ. ಅಣ್ಣ ಮಾತಾಡ್ತಿಲ್ಲ."

"ಈಗಷ್ಟೇ ಮಿಷನ್ ತುಳೀತಿದ್ರಲ್ಲಪ್ಪಾ!"

"ಎಲ್ಲಿ ಅಕ್ಕ? ಬೆಳಗ್ಗೆನೇ ಮಿಷನ್ ಬೆಲ್ಟ್ ಕಿತ್ತುಹೋಯ್ತು. ಯಾಕೋ ಸುಸ್ತು ಅಂತ ಬೆಂಚ್ ಮೇಲೆ ಕೂತ್ರು. ಬೆಲ್ಟ್ ತರೋಕೆ ನಾನೇ ಹೋಗಿದ್ದೆ. ವಾಪಸ್ ಬರೋಷ್ಟರಲ್ಲಿ..."

ಆಕೆ ಫೋನಿನತ್ತ ತಿರುಗಿ ನೋಡಿದಳು. ಹಾಗಾದರೆ ಅಷ್ಟು ಹೊತ್ತೂ ಅದನ್ನು ಕೂಗಿಸಿದ್ದು ಮಿಷನ್ ಅಲ್ಲ.

ಆಸ್ಪತ್ರೆಯಲ್ಲಿ ಅದೇ ನರ್ಸಮ್ಮ ಅವನ ಮುಖದ ಮೇಲೆ ಬಟ್ಟೆ ಎಳೆದು, ಮೆಲ್ಲಗೆ ಕೇಳಿದರು. "ಫೋನು ಕೂಗಲಿಲ್ವೇನಮ್ಮಾ?"

"ಕೂಗ್ತು," ಎಂದಳು ಆಕೆ. "ಪಾಪ, ಎಷ್ಟೊಂದ್ಸಲ ಕೂಗ್ತು. ನಾನೇ ಬಾಯಿ ಮುಚ್ಚಿಸಿದೆ."