ನಡೆದು ನೋಡುವ ಕಾಲು

ಶೂ ಕಾರ್ಖಾನೆಯಲ್ಲಿ ಹೊಸ ನಮೂನೆ ತಯಾರಾದಾಗ ಮೊದಲು ತೊಟ್ಟು ನಡೆಯುತ್ತಿದ್ದವನು ಅಣ್ಣ. ಅವನ ಪಾದ ಎಂಟನೇ ನಂಬರಿನ ಮರದ ಅಚ್ಚಿಗೆ ಹೇಳಿ ಮಾಡಿಸಿದಂತಿತ್ತು. ಹೊಲಿಗೆ ಯಂತ್ರಗಳ ಸಾಲಿನಿಂದ ಅಂಟಿನ ಡಬ್ಬಗಳ ತನಕ ಹೋಗಿ ಬಂದು ಅವನು ‘ಆಯ್ತು’ ಅಂದರೆ ಮಾತ್ರ ಚರ್ಮಕ್ಕೆ ಕತ್ತರಿ. ಉಳಿದ ಹೊತ್ತು ಅವನೂ ತಮ್ಮನ ಪಕ್ಕದಲ್ಲಿ ಕೂತು ಅಟ್ಟೆ ಅಂಟಿಸುವವನೇ. ಆದರೆ ಆ ಒಂದು ಮಾತಿಗೆ ಮಾಲೀಕರು ಎದ್ದು ನಿಂತು ಕಾಯುತ್ತಿದ್ದರು.

ಒಂದು ಬೆಳಿಗ್ಗೆ ಹೊಸ ಶೂ ಬಲಗಾಲಿನ ಹೆಬ್ಬೆರಳ ಬುಡವನ್ನು ಕಚ್ಚಿತು. “ಅಚ್ಚು ಬಿಗಿಯಾಗಿದೆ” ಎಂದ ಅಣ್ಣ. ಅಚ್ಚು ಮಾಡುವ ಬಡಗಿ ಆ ಜಾಗಕ್ಕೆ ಚರ್ಮದ ಪಟ್ಟಿ ಅಂಟಿಸಿ ಉಬ್ಬಿಸಿದ. ಶೂಗಳೆಲ್ಲ ಹಾಗೇ ತಯಾರಾಗಿ ಅಂಗಡಿಗಳಿಗೆ ಹೋದವು. ಕಾಲು ಒಳಗೆ ಅಲ್ಲಾಡುತ್ತದೆಂದು ಅಷ್ಟೂ ವಾಪಸು ಬಂದವು. ಅಷ್ಟರಲ್ಲಿ ಅಣ್ಣನ ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ತಪ್ಪು ಅಚ್ಚಿನದಾಗಿರಲಿಲ್ಲ.

ವೈದ್ಯೆ ಗೌಟ್ ಎಂಬ ಕೀಲುರೋಗ ಎಂದರು. ರಕ್ತದಲ್ಲಿ ಏಳರೊಳಗೆ ಇರಬೇಕಿದ್ದ ಯೂರಿಕ್ ಆಮ್ಲ ಎಂಟೂವರೆ ಇತ್ತು. ಒಡಹುಟ್ಟಿದವರಿಗೂ ಇರಬಹುದು ಎಂದದ್ದಕ್ಕೆ ತಮ್ಮನೂ ರಕ್ತ ಕೊಟ್ಟ. ಅವನದು ಒಂಬತ್ತು ದಾಟಿತ್ತು.

“ಮತ್ತೆ ಇವನಿಗ್ಯಾಕೆ ಬಂದಿಲ್ಲ ಡಾಕ್ಟ್ರೇ?” ಅಣ್ಣನ ದನಿಯಲ್ಲಿ ದೂರಿತ್ತು.

“ಹೆಚ್ಚಿದ್ದೋರಿಗೆಲ್ಲ ಬರಲ್ಲ. ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು, ಅಷ್ಟೇ. ನಿಮ್ಮ ಕೀಲಲ್ಲಿ ಅದು ಹರಳುಗಟ್ಟಿದೆ. ಇವರಿಗೆ ನಾಳೆನೇ ಬರಬಹುದು, ಜೀವಮಾನ ಪೂರ್ತಿ ಬರದೇನೂ ಇರಬಹುದು.”

ಅಣ್ಣ ‘ನಾಳೆ’ಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡ.

ಊತ ಇಳಿಯಿತು. ದಿನವೂ ಮಾತ್ರೆ ನುಂಗಿದ, ವೈದ್ಯೆ ಬೇಡವೆಂದ ಬಿಯರ್, ಲಿವರ್ ಎರಡನ್ನೂ ಬಿಟ್ಟ. ಆದರೆ ಮಾಲೀಕರಿಗೆ ಅವನ ಬೆರಳಿನ ಮೇಲೆ ನಂಬಿಕೆ ಹೋಗಿತ್ತು. ತಮ್ಮನ ಪಾದವೂ ಎಂಟನೇ ನಂಬರೇ. ಈಗ ಅವನು ನಡೆಯುತ್ತಿದ್ದ, ಅದೂ ಸಿಳ್ಳೆ ಹಾಕಿಕೊಂಡು.

ಮನೆಯಲ್ಲಿ ಲಿವರ್ ಹುರಿದ ದಿನ ಅಣ್ಣ ತನ್ನ ಪಾಲನ್ನೂ ತಮ್ಮನ ತಟ್ಟೆಗೆ ಸುರಿದ. “ತಿನ್ನೋ, ನಾಚ್ಕೋಬೇಡ.”

ಹೆಂಡತಿ ಸೌಟು ಹಿಡಿದು ನಿಂತಳು. “ಏನಪ್ಪಾ ಇದು, ತಮ್ಮನ ಮೇಲೆ ಇಷ್ಟೊಂದು ಪ್ರೀತಿ! ಅವನ ಕಾಲೂ ಊದ್ಲಿ ಅಂತ ತಾನೇ?”

“ಹೋಗೇ, ನಿಂಗೆಲ್ಲದರಲ್ಲೂ ಅನುಮಾನ.”

“ಇರ್ಲಿ ಬಿಡಿ ಅತ್ತಿಗೆ, ರುಚಿಯಾಗಿದೆ” ಎಂದ ತಮ್ಮ, ಬೆರಳು ನೆಕ್ಕುತ್ತ.

ಮುಂದಿನ ನಮೂನೆ ತೊಟ್ಟ ದಿನ ತಮ್ಮ ಅಂಟಿನ ಡಬ್ಬಗಳ ಹತ್ತಿರ ಕುಂಟಿದ. “ಹೆಬ್ಬೆರಳ ಹತ್ರ ಒತ್ತುತ್ತೆ ಸಾರ್.”

ಅಣ್ಣ ಕೂತಲ್ಲಿಂದ ಎದ್ದೇಬಿಟ್ಟ. “ಬಂತು ನೋಡಿ! ಶೂದಲ್ಲ ಸಾರ್, ಇವನ ಕಾಲಿಂದೇ ತೊಂದ್ರೆ. ಒಂಬತ್ತು ದಾಟಿದೆ ಇವನಿಗೆ!”

ಒಮ್ಮೆ ಕೈಸುಟ್ಟುಕೊಂಡಿದ್ದ ಮಾಲೀಕರು ತಕ್ಷಣ ನಂಬಿದರು. “ಹಾಗಾದ್ರೆ ನೀನೇ ಹಾಕ್ಕೊಂಡು ನೋಡಪ್ಪ. ನೀನು ಸರಿ ಅಂದ್ರೆ ಕತ್ತರಿಸೋಣ. ಇನ್ಮೇಲೆ ನೀನೇ ನಡಿ.”

ಅಣ್ಣ ಲೇಸು ಬಿಗಿದು ಹೊರಟ. ಶೂ ಒತ್ತಿತು, ಬಲಗಾಲಿಗೂ ಎಡಗಾಲಿಗೂ ಒಂದೇ ಸಮ. ಗೌಟಿನ ನೋವು ಅವನಿಗೆ ಚೆನ್ನಾಗಿ ಗೊತ್ತು. ಇದು ಬರಿಯ ಬಿಗಿತ. ಹಿಂದೆ ಅಚ್ಚಿಗೆ ಅಂಟಿಸಿದ್ದ ಪಟ್ಟಿ ಕೀಳುವಾಗ ಬಡಗಿ ಮರವನ್ನೂ ಹೆರೆದುಬಿಟ್ಟಿದ್ದ. ಡಬ್ಬಗಳ ಬಳಿ ತಿರುಗಿ ನೋಡಿದರೆ ಮಾಲೀಕರು ನಿಂತಿದ್ದರು, ಕತ್ತರಿ ಹಿಡಿದವರು ಕಾಯುತ್ತಿದ್ದರು. ಅಣ್ಣ ಇನ್ನೊಂದು ಸುತ್ತು ನಡೆದ. ಒತ್ತಡ ಕಡಿಮೆಯಾಗಲಿಲ್ಲ.

“ಬಿಗಿ ಇದೆ ಸಾರ್. ಅಚ್ಚಿನದೇ ತಪ್ಪು.”

“ಅಂದ್ರೆ ಇವನು ಹೇಳಿದ್ದೇ ಸರಿ?”

“ಈ ಸಲ ಸರಿ.”

ಮಾಲೀಕರು ತಮ್ಮನ ಬೆನ್ನು ತಟ್ಟಿ, ಅಚ್ಚು ತಿದ್ದಿದ ಮೇಲೆ ಮತ್ತೆ ನೀನೇ ನಡೆದು ನೋಡು ಎಂದರು. ತಮ್ಮ ಮಂಡಿಯೂರಿ ಲೇಸಿಗೆ ಕೈ ಹಾಕಿದ. “ನಾ ಬಿಚ್ತೀನಿ ಕೂತ್ಕೋ ಅಣ್ಣ.”

“ಮುಟ್ಬೇಡ” ಎಂದ ಅಣ್ಣ. ತಾನೇ ಬಿಚ್ಚಿದ. ಶೂ ಕೈಗೆ ಕೊಡುವಾಗಲೂ ತಮ್ಮನ ಮುಖ ನೋಡಲಿಲ್ಲ.