ಅಪ್ಪಾಜಿ ತಂದ ಮಿಲ್ಲಿನ ಪೈಪು

ಆ ಪೈಪುಗಳನ್ನು ಮೊದಲ ಸಲ ಕಂಡಾಗ ನನಗೆ ಬಂದದ್ದು ಸಿಟ್ಟು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಅದು ಬೇರೆ ಮಾತು. ನಮ್ಮ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಏಳುತ್ತಿದ್ದ ತೌಡಿನ ಎಣ್ಣೆ ಕಾರ್ಖಾನೆಯ ಹಿತ್ತಿಲಲ್ಲಿ, ಬಾಯ್ಲರ್ ಮನೆಯ ಗೋಡೆಗುಂಟ ಅವು ಕರ್ರಗೆ ಸಾಲಾಗಿ ಬಿದ್ದಿದ್ದವು. ಪಕ್ಕದಲ್ಲಿ ಅಪ್ಪಾಜಿ, ಒಳ್ಳೆ ಸಂಬಂಧ ಕುದುರಿಸಿ ತಂದವರ ಹಾಗೆ ಬೀಗುತ್ತ ನಿಂತಿದ್ದರು.

"ನಮ್ ಮಿಲ್ಲಿನವು. ಗುಜರಿಗೆ ಹೋಗಾದನ್ನ ತಡದು ಇಲ್ಲಿಗೆ ತರ್ಸೀನಿ. ಹೆಂಗದಾವೆ ನೋಡು!"

ಅಪ್ಪಾಜಿ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿ ಕೂತರು. ಕೂತರು ಎನ್ನುವುದೂ ಸುಳ್ಳೇ, ಅವರಿಗೆ ಕೂರಲು ಬರುತ್ತಲೇ ಇರಲಿಲ್ಲ. ಪಾಳಿಯ ಹೊತ್ತಾದರೆ ಚಪ್ಪಲಿ ಮೆಟ್ಟಿಕೊಂಡು ಬೀಗ ಬಿದ್ದ ಮಿಲ್ಲಿನ ಗೇಟಿನವರೆಗೆ ಹೋಗಿ, ಏನೂ ಮಾಡದೆ ವಾಪಸ್ಸು ಬರುತ್ತಿದ್ದರು. ಅಂಥವರನ್ನು ಅಕ್ಕಿ ವ್ಯಾಪಾರದ ಸಾಹುಕಾರರೊಬ್ಬರು ಕರೆದು, "ನಮ್ ಹೊಸ ಬಾಯ್ಲರಿಗೆ ನೀವೇ ಬರ್ರಿ ಯಜಮಾನ್ರೆ" ಎಂದಿದ್ದರು. ಅಂದಿನಿಂದ ಅಪ್ಪಾಜಿಯ ನಡಿಗೆಯೇ ಬದಲಾಗಿತ್ತು. ನಾನು ಆಗ ಹರಿಹರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಪೈಪ್‌ಲೈನುಗಳ ವಿನ್ಯಾಸವೇ ನನ್ನ ಕೆಲಸ. ಮಗಳು ರಜೆಯ ದಿನ ಬಂದು ಎಲ್ಲಿಗೆ ಯಾವ ಪೈಪು ಎಂದು ಹೇಳಿಕೊಡಲಿ ಎಂದು ಸಾಹುಕಾರರು ನನ್ನನ್ನೂ ಸೇರಿಸಿಕೊಂಡಿದ್ದರು.

ಸಾಹುಕಾರರಿಗೆ ಎಲ್ಲದಕ್ಕೂ ಜಿಐ ಪೈಪೇ ಆಗಬೇಕು. "ನಮ್ ತೋಟದ ಬೋರಿಗೂ ಅದೇ ಐತೆ ಕಣವ್ವ, ತುಕ್ಕಿನ ಮಾತೇ ಇಲ್ಲ." ನೀರಿಗೆ ಸರಿ ಎಂದೆ. ಎಣ್ಣೆ ಶುದ್ಧ ಮಾಡಲು ಬಳಸುವ ಕಾಸ್ಟಿಕ್ ಸೋಡಾ ಆ ಪೈಪಿನ ಸತುವಿನ ಲೇಪವನ್ನೇ ತಿಂದುಹಾಕುತ್ತದೆ, ಅಲ್ಲಿಗೆ ಲೇಪವಿಲ್ಲದ ಉಕ್ಕು ಬೇಕು ಎಂದೆ. ತಯಾರಾದ ಎಣ್ಣೆಗೆ ಸ್ಟೇನ್‌ಲೆಸ್ ಎಂದೆ. ಒಂದೊಂದಕ್ಕೂ ಗೊಣಗಿದರು, ಒಪ್ಪಿದರು. ಎಲ್ಲ ಬಂದು ನಿಂತದ್ದು ಸ್ಟೀಮ್ ಲೈನಿನ ಹತ್ತಿರ. ಅಲ್ಲಿಗೆ ಬೆಸುಗೆಯ ಗೆರೆಯಿಲ್ಲದ, ತಯಾರಿಸಿದವರ ಪರೀಕ್ಷೆಯ ಗುರುತು ಮೈಮೇಲೆ ಅಚ್ಚಾಗಿರುವ ಉಕ್ಕಿನ ಪೈಪೇ ಆಗಬೇಕು. ಯಾವುದೆಂದು ಗೊತ್ತಿಲ್ಲದ ಲೋಹವನ್ನು ಒತ್ತಡ ಹೊರುವ ಪೈಪಿಗೆ ಬಳಸಕೂಡದು, ನಿಯಮ ಅಷ್ಟು ಸರಳ.

"ಗೊತ್ತಿಲ್ದೆ ಏನು? ನನಗ್ ಗೊತ್ತೈತಲ್ಲ" ಎಂದರು ಅಪ್ಪಾಜಿ.

ಮಿಲ್ಲಿನವರದೆಲ್ಲ ಒಂದು ನಂಬಿಕೆ. ವರ್ಷಗಟ್ಟಲೆ ಸ್ಟೀಮ್ ಕುಡಿದ ಪೈಪು ಪಳಗುತ್ತದೆ, ರೊಟ್ಟಿ ಹಂಚಿನ ಹಾಗೆ. ಹೊಸ ಪೈಪು ಹಸಿ, ಅದನ್ನು ನಂಬಬಾರದು ಎಂದು. ಅಪ್ಪಾಜಿಯ ಹಳೆಯ ಜೊತೆಗಾರರಿಬ್ಬರು ಆ ಪೈಪುಗಳನ್ನು ನೋಡಲೆಂದೇ ಸೈಕಲ್ ತುಳಿದುಕೊಂಡು ಬಂದಿದ್ದರು. ಎತ್ತಿನ ಮೈ ಸವರಿದಂತೆ ಸವರುತ್ತಿದ್ದರು. ಅವರಲ್ಲೊಬ್ಬರು ನನ್ನ ಮಾತು ಕೇಳಿ, "ಕಬ್ಬಿಣಕ್ಕೂ ಜಾತಿ ಕೇಳ್ತೀಯೇನವ್ವ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೈ ಉರಿಯಿತು.

"ಕೇಳ್ತೀನ್ರಿ! ಇವನ್ನ ಕತ್ತರಿಸಿ ಇಲ್ಲಿ ಹೊಸದಾಗಿ ವೆಲ್ಡ್ ಮಾಡಬೇಕಲ್ಲ? ಒಳಗೆ ಇಂಗಾಲ ಜಾಸ್ತಿ ಇದ್ರೆ ಬೆಸುಗೆ ಪಕ್ಕ ಕೂದಲೆಳೆಯಷ್ಟು ಬಿರುಕು ಬಿಡ್ತೈತೆ. ಕಣ್ಣಿಗೆ ಕಾಣ್ಸಲ್ಲ. ಒಂದಿನ ಬಾಯಿ ಬಿಡ್ತೈತೆ."

"ಒಂದು ತುಂಡು ಪರೀಕ್ಷೆಗೆ ಕಳ್ಸಾಣ ಬಿಡು" ಎಂದರು ಸಾಹುಕಾರರು. ಮಿಲ್ಲಿನಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಡೆಯಿಂದ ತಂದು ಜೋಡಿಸಿದ ಪೈಪುಗಳು ಅವು. ಒಂದರ ಗುಣ ಇನ್ನೊಂದಕ್ಕಿಲ್ಲ ಎಂದೆ. ಬಾಯ್ಲರ್ ತಪಾಸಣೆಗೆ ಬರುವವರು ಇವನ್ನು ಒಪ್ಪುವುದೇ ಇಲ್ಲ ಎಂದೂ ಹೇಳಿದೆ. "ಅವ್ರು ಬ್ಯಾಡ ಅಂದಾಗ ಬದಲಿಸಾಣ, ಅಲ್ಲಿಗಂಟ ಇದ್ರಾಗೇ ಓಡ್ಸಿ ನೋಡಾಣ" ಎಂದು ಸಾಹುಕಾರರು ಎದ್ದೇಬಿಟ್ಟರು.

ಅಪ್ಪಾಜಿ ಮಾತ್ರ ನನ್ನನ್ನೇ ನೋಡುತ್ತಿದ್ದರು. "ಮಿಲ್ಲಿಂದು ಅಂದ್ರೆ ಎಲ್ಲಾ ಗುಜರೀನೇ ಏನು ನಿಂಗೆ?" ಎಂದರು.

ಆ ವಾರ ನಾನು ನೆಟ್ಟಗೆ ಉಣ್ಣಲಿಲ್ಲ. ಹರಿಹರದ ಆಫೀಸಿನಲ್ಲಿ ನಕ್ಷೆಯ ಮುಂದೆ ನಿಂತರೆ ಕಣ್ಣಿಗೆ ಬರುತ್ತಿದ್ದದ್ದು ಕರೂರಿನ ಬಾಯ್ಲರ್ ಮನೆ. ಮುಖ್ಯ ಸ್ಟೀಮ್ ಲೈನು ಬಾಯ್ಲರಿನಿಂದ ಹೊರಟು ತಲೆಯ ಮೇಲೆ ತಿರುಗುವ ಜಾಗ, ಅದರ ನೇರ ಕೆಳಗೆ ಒತ್ತಡದ ಮಾಪಕ ನೋಡಲು ಅಪ್ಪಾಜಿ ನಿಲ್ಲಬೇಕಾದ ಜಾಗ. ದಿನಾ, ಪಾಳಿಯುದ್ದಕ್ಕೂ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗುತ್ತಿರಲಿಲ್ಲ, ದಾರಿ ನಡುವಿನ ಬಾತಿ ಬರುವಷ್ಟರಲ್ಲೇ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಮನೆಗೆ ಬಂದರೆ ಅಪ್ಪಾಜಿ ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆ, ನಾನು ಅಂಗಳದಲ್ಲಿ ಈ ಕಡೆಯಿಂದ ಆ ಕಡೆ. "ಅಪ್ಪ ಮಗಳು ಇಬ್ರೂ ಕಾಲಿಗೆ ಚಕ್ರ ಕಟ್ಕಂಡೀರೇನು? ಒಂದ್ಕಡೆ ಕೂಡ್ರಿ, ನನ್ ತಲೆ ತಿರುಗ್ತೈತೆ!" ಎಂದು ಅಮ್ಮ ಕೂಗಿದಳು. ಅಪ್ಪಾಜಿ ಎಷ್ಟು ಖುಷಿಯಾಗಿ ಕೆಲಸಕ್ಕೆ ಹೊರಟಿದ್ದರು ಎಂದು ನೆನೆದರೆ ನನಗೆ ಅಳು ಬರುತ್ತಿತ್ತು. ಅಳು ಬಂದದ್ದಕ್ಕೆ ಮತ್ತೆ ಸಿಟ್ಟು.

ಭಾನುವಾರ ಹೋದಾಗ ವೆಲ್ಡರ್ ಬಂದು ಕಾಯುತ್ತ ಕೂತಿದ್ದ. ಜೊತೆಗಾರರಿಬ್ಬರೂ ಇದ್ದರು. ನಾನು ಹೇಳಿದ್ದನ್ನೇ ಮತ್ತೆ ಹೇಳಿದೆ. ಸಾಹುಕಾರರು ಸಮಾಧಾನವಾಗಿಯೇ, "ನೀ ಓದಿದಾಕಿ, ಇಲ್ಲ ಅನ್ನಲ್ಲ. ಆದ್ರೆ ಜೀವಮಾನ ಬಾಯ್ಲರ್ ಮುಂದೆ ನಿಂತೋರು ನಿಮ್ಮಪ್ಪಾರು. ಅವ್ರು ಹೆಂಗಂತಾರೆ ಹಂಗೆ" ಎಂದರು.

"ಅದರ ಕೆಳಗೆ ನಿಲ್ಲೋರೂ ಅವರೇ ಕಣ್ರೀ!" ಎಂದು ಕಿರುಚಿಬಿಟ್ಟೆ. ನನ್ನ ದನಿ ನಡುಗಿತು, ಅದು ಎಲ್ಲರಿಗೂ ಕೇಳಿಸಿತು. ವೆಲ್ಡರ್ ನೆಲ ನೋಡತೊಡಗಿದ.

ಅಪ್ಪಾಜಿ ಸುತ್ತಿಗೆ ಕೇಳಿ ಇಸಕೊಂಡರು. ಮಿಲ್ಲಿನಲ್ಲಿ ಪೈಪಿನ ಪರೀಕ್ಷೆ ಎಂದರೆ ಅದೇ: ಹಗ್ಗ ಹಾಕಿ ನೆಲ ಬಿಟ್ಟು ಎತ್ತುವುದು, ಸುತ್ತಿಗೆಯಿಂದ ಬಡಿದು ದನಿ ಕೇಳುವುದು. ದನಿ ತುಂಬಿ ಬಂದರೆ ಪೈಪು ಗಟ್ಟಿ, ಒಡೆದು ಬಂದರೆ ಬಿರುಕು. ಅದರಲ್ಲಿ ಅಪ್ಪಾಜಿಯ ಕಿವಿಗೆ ಮಿಲ್ಲಿನಲ್ಲೇ ಸಾಟಿಯಿರಲಿಲ್ಲವಂತೆ. ಲೋಹ ಯಾವುದೆಂದು ಆ ದನಿ ಹೇಳುವುದಿಲ್ಲ ಎನ್ನಲು ಬಾಯಿ ತೆರೆದೆ, ಯಾರೂ ನನ್ನ ಕಡೆ ನೋಡಲಿಲ್ಲ. ಜೊತೆಗಾರರು ಹಗ್ಗ ಹಿಡಿದು ಎತ್ತಿದರು. ಅಪ್ಪಾಜಿ ಬಡಿದರು.

ಖಣ್ಣೆಂದಿತು. ಆ ದನಿ ಎಷ್ಟೋ ಹೊತ್ತು ಹಾಗೇ ಮೊಳಗುತ್ತಿತ್ತು. ಎಲ್ಲೂ ಒಡಕಿಲ್ಲ, ನನಗೇ ಗೊತ್ತಾಯಿತು. ಜೊತೆಗಾರರ ಮುಖ ಅರಳಿತು, ವೆಲ್ಡರ್ ಎದ್ದು ನಿಂತ. ಮುಗಿಯಿತು ಎಂದುಕೊಂಡೆ. ಅಪ್ಪಾಜಿ ಅಂಗೈಯನ್ನು ಪೈಪಿನ ಮೇಲಿಟ್ಟು ದನಿ ನಿಲ್ಲಿಸಿದರು.

"ಬ್ಯಾಡ್ರಿ ಸಾಹುಕಾರ್ರೆ. ದನಿ ಒಡದೈತೆ. ಹುಡುಗಿ ಹೇಳಿದ್ದನ್ನೇ ತರಸ್ರಿ."

"ನನಗೆ ಚೆನ್ನಾಗೇ ಕೇಳಿಸ್ತಲ್ಲ ಯಜಮಾನ್ರೆ?"

"ನಿಮಗೆ ಅಕ್ಕಿ ಗೊತ್ತು. ನನಗೆ ಇದು ಗೊತ್ತು."

ಸಾಹುಕಾರರು ನಕ್ಕು, ಆಯಿತು ಬಿಡ್ರಿ, ಹೊಸದೇ ಬರಲಿ ಎಂದರು. ಜೊತೆಗಾರರು ನಗಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ಹಗ್ಗ ಬಿಚ್ಚಿದರು. "ಪಾಪ, ಕಿವಿ ಹೋತು" ಎಂದು ಒಬ್ಬರು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅಪ್ಪಾಜಿಗೂ ಕೇಳಿಸಿರಲೇಬೇಕು.

ರಸ್ತೆಗೆ ಬರುವವರೆಗೆ ಹೇಗೋ ತಡೆದುಕೊಂಡೆ. "ಅಪ್ಪಾಜಿ, ದನಿ ಚೆನ್ನಾಗೇ ಇತ್ತಲ್ಲ?"

"ಚೆನ್ನಾಗೇ ಇತ್ತು. ಆ ಪೈಪು ಒಡಿಯಾದಲ್ಲ, ಈಗ್ಲೂ ಅದನ್ನೇ ಹೇಳ್ತೀನಿ."

"ಮತ್ಯಾಕೆ ಹಂಗಂದ್ರಿ?"

"ನೀ ದಿನಾ ಅಲ್ಲಿ ಹರಿಹರದಾಗೆ ಹೆದರ್ಕಂಡು ಕುಂತಿರ್ತಿದ್ದಿ. ನಾ ಇಲ್ಲಿ ಹೆಂಗೆ ಕೆಲ್ಸ ಮಾಡ್ಲಿ?" ಎಂದವರೇ, ಬಿಸಿಲು ಜಾಸ್ತಿ, ಬಿರಬಿರನೆ ನಡಿ ಎಂದು ಮುಂದೆ ಹೋದರು.

ಹೊಸ ಪೈಪು ಬಂತು. ಕಾರ್ಖಾನೆ ಶುರುವಾಯಿತು, ಅಪ್ಪಾಜಿ ಬಾಯ್ಲರ್ ಮುಂದೆ ನಿಂತರು. ಅವರ ಮಿಲ್ಲಿನ ಗೆಳೆಯರು ಮಾತ್ರ ಅಂದಿನಿಂದ ಅವರೊಡನೆ ಜೋರಾಗಿ ಮಾತಾಡತೊಡಗಿದರು. ಒಂದು ಸಂಜೆ ಮಂಡಕ್ಕಿ ಅಂಗಡಿಯ ಮುಂದೆ ಎಲ್ಲರೂ ಕೂತಿದ್ದಾಗ ನಾನೂ ಪಕ್ಕದಲ್ಲಿದ್ದೆ. "ಕೇಳಸ್ತೈತೇನಪಾ?" ಎಂದು ಒಬ್ಬರು ಅವರ ಕಿವಿಯ ಹತ್ತಿರ ಬಾಗಿ ಕೂಗಿದರು. ಅಪ್ಪಾಜಿ ನನ್ನ ಕಡೆ ನೋಡಲಿಲ್ಲ. ಕಿವಿಗೆ ಅಂಗೈ ಅಡ್ಡ ಹಿಡಿದು, "ಏನಂದಿ? ಇನ್ನೊಂದ್ಸಲ ಹೇಳು" ಎಂದರು.