ಹಾರ ಹಾಕಿದ ಫೋಟೋದ ಕಣ್ಣುಗಳು

ನಾಗವೇಣಿ ಅಕ್ಕೋರೆ, ಕೋಲಸಿರ್ಸಿಯ ನಿಮ್ಮ ಮನೆಯ ಗೋಡೆಯ ಮೇಲೆ ಹಾರ ಹಾಕಿಟ್ಟ ಫೋಟೋ ಇದೆಯಲ್ಲ — ಅದರಲ್ಲಿರುವ ಕಣ್ಣು ನಿಮ್ಮ ಅಮ್ಮನದಲ್ಲ. ನನ್ನ ಅವ್ವನದು. ಅವ್ವ ಇನ್ನೂ ಬದುಕಿದ್ದಾಳೆ.

ಈ ಮಾತನ್ನು ಹನ್ನೊಂದು ವರ್ಷ ನುಂಗಿಕೊಂಡು ಕೂತಿದ್ದೆ. ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದೆ ಕ್ಯಾಮೆರಾ ಮಾರುವ, ಫೋಟೋ ತೆಗೆಯುವ ಈ ಶಿವಾನಂದ ನಿಮಗೆ ಮೊದಲು ಮಾಡಿದ ಮೋಸ ಕಣ್ಣಿನದ್ದಲ್ಲ. ಅದು ಶುರುವಾದದ್ದು ಕ್ಯಾಮೆರಾದಿಂದ.

ನನ್ನ ಅಂಗಡಿಯ ಬೋರ್ಡು ನಿಮಗೆ ನೆನಪಿರಬಹುದು: ‘ಯಾವುದರ ಫೋಟೋ ತೆಗೆಯುತ್ತೀರಿ ಎಂದು ಮೊದಲು ಹೇಳಿ, ದುಡ್ಡಿನ ಮಾತು ಆಮೇಲೆ.’ ನೀವು ಅದನ್ನು ನಂಬಿ, ಅಂಗನವಾಡಿಯ ಕೆಲಸ ಮುಗಿಸಿ, ಎರಡು ಬಸ್ಸು ಬದಲಿಸಿ ಬಂದಿದ್ದಿರಿ. ಬೋರ್ಡು ಕೇಳಿದ್ದನ್ನೇ ಹೇಳಿದಿರಿ.

“ಅಮ್ಮನ ತಲೆ ಸುಮ್ನೆ ನಿಲ್ಲೂದಿಲ್ಲ, ಅಲ್ಲಾಡ್ತಾನೇ ಇರ್ತದೆ. ಫ್ಲಾಶ್ ಹೊಡೆದ್ರೆ ಹೆದರ್ತಾಳೆ. ಒಳಗಿನ ಕೋಣೆ ಬಿಟ್ಟು ಹೊರಗೂ ಬರೂದಿಲ್ಲ. ಅವಳ ಮುಖ ಒಂದು ಸರಿಯಾಗಿ ಬಂದ್ರೆ ಸಾಕಾಗಿತ್ತು.”

ಇಷ್ಟು ಸ್ಪಷ್ಟವಾಗಿ ತನಗೇನು ಬೇಕೆಂದು ಹೇಳಿದ ಗಿರಾಕಿಯನ್ನು ನಾನು ಮತ್ತೆ ಕಂಡಿಲ್ಲ. ನಿಮಗೆ ಬೇಕಿದ್ದದ್ದು ಅಗಲ ಬಾಯಿಯ ಲೆನ್ಸಿನ ಸಣ್ಣ ಕ್ಯಾಮೆರಾ. ಮಂದ ಬೆಳಕಿನಲ್ಲೂ, ಅಲ್ಲಾಡುವ ಮುಖವನ್ನೂ ಅದು ಚಕ್ಕನೆ ಹಿಡಿಯುತ್ತಿತ್ತು. ಅಂಥದ್ದೊಂದು ನಿಮ್ಮ ಕಣ್ಣೆದುರಿನ ಗಾಜಿನ ಕಪಾಟಿನಲ್ಲೇ ಇತ್ತು, ನಿಮ್ಮ ಬಜೆಟ್ಟಿನೊಳಗೇ ಇತ್ತು. ಅದರ ಪಕ್ಕದಲ್ಲಿ ಎರಡು ಮಳೆಗಾಲ ಕಳೆದರೂ ಮಾರಿ ಹೋಗದೆ ಉಳಿದಿದ್ದ ಉದ್ದ ಮೂತಿಯ ಜೂಮ್ ಕ್ಯಾಮೆರಾ. ಇನ್ನೊಂದು ಮಳೆಗಾಲ ಇಟ್ಟುಕೊಂಡರೆ ಲೆನ್ಸಿಗೆ ಬೂಸ್ಟು ಹಿಡಿಯುವುದು ಖಂಡಿತ. ನಮ್ಮ ಕಡೆ ಕ್ಯಾಮೆರಾ ಮಾರುವವನಿಗೆ ಗಿರಾಕಿಗಿಂತ ಬೂಸ್ಟಿನ ಚಿಂತೆಯೇ ಹೆಚ್ಚು.

“ಇದನ್ನೇ ತಗೊಳ್ಳಿ ಅಕ್ಕೋರೆ, ಮೆಗಾಪಿಕ್ಸೆಲ್ ಜಾಸ್ತಿ” ಎಂದೆ. ದೂರದ ಮರದಲ್ಲಿ ಕೂತ ಹಕ್ಕಿಗೆ ಹೇಳಿ ಮಾಡಿಸಿದ ಕ್ಯಾಮೆರಾ ಅದು, ಕತ್ತಲಲ್ಲಿ ಕುರುಡು. ಹಾಗೆಂದು ಗೊತ್ತಿದ್ದೇ ಕೊಟ್ಟೆ.

ನೀವು ಮತ್ತೆ ಬಂದದ್ದು ಅಮ್ಮ ತೀರಿಕೊಂಡ ಮೇಲೆ. ಹನ್ನೆರಡನೇ ದಿನದ ಕಾರ್ಯಕ್ಕೆ ಫೋಟೋ ಬೇಕಿತ್ತು. ನಿಮ್ಮ ಕ್ಯಾಮೆರಾದ ಕಾರ್ಡು ಹಾಕಿ ನೋಡಿದೆ: ನಲವತ್ತಕ್ಕೂ ಮಿಕ್ಕಿ ಚಿತ್ರ, ಒಂದರಲ್ಲೂ ಮುಖವಿಲ್ಲ. ಸೀರೆ ಇದೆ, ಬಳೆ ಇದೆ, ಭುಜ ಇದೆ — ಭುಜದ ಮೇಲೆ ಒರೆಸಿ ಹಾಕಿದಂಥ ಏನೋ ಒಂದು. ಒಂದರಲ್ಲಿ ಎರಡು ಬಾಯಿ. ಇನ್ನೊಂದರಲ್ಲಿ ಕಣ್ಣಿನ ಜಾಗದಲ್ಲಿ ಬರೀ ಗೀಟು. ಮತದಾರರ ಚೀಟಿಯ ಫೋಟೋದಲ್ಲೂ ಕರಿ ಮಸಿ ಬಿಟ್ಟರೆ ಏನೂ ಇರಲಿಲ್ಲ. “ಬೇರೆ ಒಂದೂ ಇಲ್ಲ” ಎಂದು ನೀವು ಮೆಲ್ಲಗೆ ಹೇಳಿದಿರಿ. ನನ್ನನ್ನು ಬೈಯಲಿಲ್ಲ. ಕ್ಯಾಮೆರಾ ಹಿಡಿಯಲು ನಿಮಗೇ ಬರಲಿಲ್ಲ ಎಂದುಕೊಂಡಿದ್ದಿರಿ.

ಆಗಲಾದರೂ ಹೇಳಬಹುದಿತ್ತು… ಹೇಳಲಿಲ್ಲ. “ಸಂಜೆಯೊಳಗೆ ಸರಿ ಮಾಡಿ ಕೊಡ್ತೇನೆ” ಎಂದೆ.

ಕಂಪ್ಯೂಟರಿನಲ್ಲಿ ನಿಮ್ಮ ಅಮ್ಮನ ಕೆನ್ನೆ, ಗಲ್ಲ, ಕೂದಲನ್ನು ಹೇಗೋ ಕೂಡಿಸಿದೆ. ಕಣ್ಣಿಗೆ, ಹಣೆಗೆ ಏನೂ ಸಿಗಲಿಲ್ಲ. ಅದೇ ವಯಸ್ಸಿನ, ಅದೇ ಮುಖಕಟ್ಟಿನ ಹೆಂಗಸಿನ ಫೋಟೋ ಹುಡುಕಿದೆ, ಸಿಕ್ಕಿದ್ದು ಅವ್ವನದು. ಅವಳ ಹಣೆಯ ವಿಭೂತಿಯ ಮೂರು ಗೆರೆ ಅಳಿಸಿದೆ. ಉಳಿದದ್ದನ್ನು ನಿಮ್ಮ ಅಮ್ಮನ ಮುಖಕ್ಕೆ ಕೂರಿಸಿದೆ.

ನೀವು ಪ್ರಿಂಟು ಹಿಡಿದು ತುಂಬಾ ಹೊತ್ತು ನೋಡಿದಿರಿ. “ಹೌದು, ಅಮ್ಮನ ಕಣ್ಣು ಹೀಗೇ ಇತ್ತು. ನಂಗೇ ಮರ್ತು ಹೋಗಿತ್ತು” ಎಂದಿರಿ. ನಿಮ್ಮ ತಲೆಯೊಳಗೆ ಉಳಿದಿದ್ದ ಅಮ್ಮನನ್ನೂ ನಾನು ಅಳಿಸಿಬಿಟ್ಟಿದ್ದೆ.

ಅವತ್ತು ಮನೆಗೆ ಹೋದಾಗ ಅವ್ವ ಕಟ್ಟೆಯ ಮೇಲೆ ಹಣೆ ಮುಟ್ಟಿಕೊಳ್ಳುತ್ತ ಕೂತಿದ್ದಳು. “ಯಾರ್ಲೇ ನನ್ನ ಹಣಿಗೆ ಕೈ ಹಚ್ಚಿದಾವ್ರು? ಈಬತ್ತಿ ಒರಿಸಿದಂಗಾತು” ಎಂದಳು. ಈಬತ್ತಿ ಇದ್ದಲ್ಲೇ ಇತ್ತು. ಬನವಾಸಿ ಕಡೆಯಿಂದ ಬಂದ ಗಟ್ಟಿ ಹೆಂಗಸು, ಸುಮ್ಮಸುಮ್ಮನೆ ಅಂಜುವವಳಲ್ಲ.

ಆಮೇಲೆ ದೀಪದ ಮಾತು ಶುರುವಾಯಿತು. “ಸಂಜಿ ಆದ್ರ ಸಾಕು, ಯಾರೋ ಮಾರಿ ಮುಂದ ದೀಪಾ ಹಚ್ಚಿಡ್ತಾರ. ಕಣ್ಣು ಉರೀತಾವ.” ಕಣ್ಣಿನ ಡಾಕ್ಟರು ಪೊರೆ ಎಂದರು, ಪೊರೆ ತೆಗೆದರು. ದೀಪ ಹೋಗಲಿಲ್ಲ. ನಾನು ದೆವ್ವ-ಭೂತ ನಂಬುವವನಲ್ಲ, ಅರ್ಧ ಆಯುಷ್ಯ ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲೇ ಕಳೆದವನು. ಆದರೂ ದಿನವೂ ಸಂಜೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ ಗಡಿಯಾರ ನೋಡುತ್ತಿದ್ದೆ. ನೀವು ಆ ಫೋಟೋದ ಮುಂದೆ ದೀಪ ಹಚ್ಚುವ ಹೊತ್ತು ಯಾವುದೆಂದು ನಿಮ್ಮನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಬದುಕಿದ್ದವರ ಫೋಟೋಕ್ಕೆ ಹಾರ ಹಾಕಬಾರದು ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವನು ನಾನೇ.

ಹೋದ ಸೋಮವಾರ ನೀವು ಫೋಟೋದ ಚೌಕಟ್ಟು ಬದಲಿಸಲು ಬಂದಿರಿ. ಟವೆಲಿನಲ್ಲಿ ಸುತ್ತಿ ತಂದದ್ದನ್ನು ಇನ್ನೂ ಬಿಚ್ಚಿರಲಿಲ್ಲ. ಡಾಕ್ಟರ ಹತ್ತಿರ ಹೊರಟಿದ್ದ ಅವ್ವ ಅಂಗಡಿಯ ಮೂಲೆಯ ಕುರ್ಚಿಯಲ್ಲಿದ್ದಳು. ನಿಮ್ಮ ದನಿ ಕೇಳಿದ್ದೇ ಮುಖ ಎತ್ತಿ, “ಸಂಜಿ ಮುಂದ ದೀಪಾ ಹಚ್ಚಾಕಿ ನೀನ ಏನವಾ?” ಎಂದಳು.

ನೀವು ಅವಳ ಕಣ್ಣನ್ನೇ ನೋಡುತ್ತ ನಿಂತಿರಿ. ಆಮೇಲೆ ನನ್ನನ್ನು ಕೇಳಿದಿರಿ, “ಇವರು ಯಾರು?”

“ನಮ್ಮವ್ವ. ವಯಸ್ಸಾಯ್ತು, ಏನೇನೋ ಮಾತಾಡ್ತಾಳೆ” ಎಂದೆ. ಅವ್ವನ ಮೇಲೂ ಒಂದು ಸುಳ್ಳು ಹೇರಿದೆ. ನೀವು ಟವೆಲನ್ನು ಎದೆಗವಚಿಕೊಂಡು, ಚೌಕಟ್ಟು ಬದಲಿಸದೆಯೇ ಹೋದಿರಿ.

ಅಕ್ಕೋರೆ, ನಿಮ್ಮ ಕಾರ್ಡಿನ ಆ ಚಿತ್ರಗಳನ್ನೆಲ್ಲ ಇಟ್ಟುಕೊಂಡಿದ್ದೇನೆ. ನಿನ್ನೆ ಕೂತು ಒಂದೊಂದನ್ನೇ ನೋಡಿದೆ. ಒಂದರಲ್ಲಿ ನಿಮ್ಮ ಅಮ್ಮನ ಎರಡೂ ಕೈ ಮಡಿಲಲ್ಲಿವೆ, ಅಲ್ಲಾಡಿಲ್ಲ. ಸುಟ್ಟ ಗಾಯದ ಗುರುತಿರುವ ಹೆಬ್ಬೆರಳು, ಒಡೆದು ತಂತಿ ಸುತ್ತಿದ ಬಳೆ — ಎಲ್ಲ ನಿಚ್ಚಳವಾಗಿದೆ. ಅದಕ್ಕೆ ನಾನು ಏನೂ ಸೇರಿಸಿಲ್ಲ. ಅದನ್ನು ಪ್ರಿಂಟು ಹಾಕಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಈ ಕಾಗದವನ್ನೂ ಅದನ್ನೂ ತೆಗೆದುಕೊಂಡು ನಾನೇ ಬರುತ್ತೇನೆ. ನನ್ನೆದುರಿಗೇ ಓದಿ. ಗೋಡೆಯ ಮೇಲಿನದನ್ನು ಇಳಿಸುವುದೋ ಬಿಡುವುದೋ, ನನ್ನನ್ನು ಒಳಗೆ ಕರೆಯುವುದೋ ಬೇಡವೋ, ನಿಮಗೆ ಬಿಟ್ಟದ್ದು.

ಸೋಮವಾರದಿಂದ ನೀವು ದೀಪ ಹಚ್ಚಿಲ್ಲ, ಅಲ್ಲವೇ? ನನಗೆ ಯಾರೂ ಹೇಳಿಲ್ಲ. ಆದರೆ ಸಂಜೆಯಾದರೆ ಅವ್ವ ಬಾಗಿಲ ಕಡೆ ಮುಖ ಮಾಡಿ ಕೂತು, “ಯಾಕ, ಆಕಿ ದೀಪಾ ಹಚ್ಚವಲ್ಲಳಲ್ಲೋ?” ಎಂದು ಕೇಳುತ್ತಿದ್ದಾಳೆ.